ಪಕ್ಕದ ಬಾಗಿಲು

ಸೆಪ್ಟೆಂಬರ್ 4

ಅತ್ತೆ,

ಭಾನುವಾರ ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಮರೆತುಬಿಡು. ಸ್ಪೀಕರ್ ಹಾಕಿಕೊಂಡು ಅಜ್ಜಿ ಒಂದು ಕಡೆ, ಅಮ್ಮ ಇನ್ನೊಂದು ಕಡೆ ಕುಳಿತಿದ್ದರೆ ಯಾರು ತಾನೇ ನಿಜ ಹೇಳುತ್ತಾರೆ? "ಊಟ ಆಯ್ತಾ?" "ಆಯ್ತು." "ಚಳಿ ಜಾಸ್ತಿನಾ?" "ಇಲ್ಲ." ಅಲ್ಲಿಗೆ ಮುಗಿಯಿತು. ಅದಕ್ಕೇ, ಹೊರಡುವಾಗ ನಾವಿಬ್ಬರೂ ಮಾಡಿಕೊಂಡ ಒಪ್ಪಂದದಂತೆ ಇದು ಮೊದಲ ಪತ್ರ. ತಲುಪಲು ಹನ್ನೊಂದು ದಿನ ಬೇಕಂತೆ. ನೀನೊಬ್ಬಳೇ ಓದು.

ನೀರು ಶುದ್ಧ ಮಾಡುವುದನ್ನು ಕಲಿಯಲು ಇಷ್ಟು ದೂರ ಬಂದರೆ, ಮೊದಲ ದಿನ ಪೂರ್ತಿ ಕಲಿಸಿದ್ದು ಹುಷಾರಾಗಿ ಬದುಕಿ ಉಳಿಯುವುದನ್ನು. ಸೆಕ್ಯುರಿಟಿ ಆಫೀಸಿನ ಮುಖ್ಯಸ್ಥೆ ಒಬ್ಬರಿದ್ದಾರೆ, ಎತ್ತರದ ಹೆಂಗಸು, ನಗುವುದು ಕಡಿಮೆ. ನಲವತ್ತು ಜನ ಹೊಸಬರನ್ನು ಕೂರಿಸಿಕೊಂಡು ಪಾಠ ಮಾಡಿದರು. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ದಾರಿಯಲ್ಲಿ ನಡೆಯಬೇಡಿ. ಹೊರಗೆ ಹೋಗುವಾಗ ಯಾರಿಗಾದರೂ ಹೇಳಿ ಹೋಗಿ. ದಾರಿಯುದ್ದಕ್ಕೂ ತುರ್ತು ಕರೆಯ ಕಂಬಗಳಿವೆ, ಭಯವಾದರೆ ಅವುಗಳ ಗುಂಡಿ ಒತ್ತಿ. ಕೊನೆಗೆ ಬಾಗಿಲು: ಹಾಸ್ಟೆಲಿನ ಬಾಗಿಲಿಗೆ ಪ್ರತಿಯೊಬ್ಬರೂ ತಮ್ಮ ಕಾರ್ಡನ್ನೇ ತೋರಿಸಬೇಕು, ಹಿಂದೆ ಬರುವವರು ಎಷ್ಟೇ ಸಭ್ಯರಾಗಿ ಕಂಡರೂ ಬಾಗಿಲು ಹಿಡಿಯಬಾರದು. ನಾವು ನಲವತ್ತೂ ಜನ ತಲೆಯಾಡಿಸಿದೆವು. ನಾನು ಸ್ವಲ್ಪ ಜಂಬದಿಂದಲೇ ಆಡಿಸಿದೆ. ಹಾಸ್ಟೆಲಿಗೆ ಬಂದು, ನನಗಿಂತ ಮೊದಲೇ ಇಲ್ಲಿಗೆ ಬಂದಿರುವ ಪಕ್ಕದ ಕೋಣೆಯವಳಿಗೆ ಹೇಳಿದೆ, "ನಮ್ಮತ್ತೆ ಔಷಧಿ ಕಾರ್ಖಾನೆ ಗೇಟಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾಳೆ. ಇದೆಲ್ಲ ನಾನು ಹಾಲು ಕುಡಿಯೋವಾಗ್ಲೇ ಕಲಿತಿದ್ದು."

ನಮ್ಮ ಹಾಸ್ಟೆಲಿನ ಮುಂಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬರು ಕೂರುತ್ತಾರೆ, ಅರವತ್ತು ದಾಟಿದವರು. ನಾನು ಅವರಿಗೆ ಮೇಜಿನ ತಾತ ಎಂದು ಹೆಸರಿಟ್ಟಿದ್ದೇನೆ. ನನ್ನ ಹೆಸರನ್ನು ಸರಿಯಾಗಿ ಹೇಳಲು ಬರುವವರೆಗೂ ಬಿಡಲಿಲ್ಲ, ಚೀಟಿಯಲ್ಲಿ ಬರೆದುಕೊಂಡು ಮೂರು ದಿನ ಅಭ್ಯಾಸ ಮಾಡಿದರು. ಮೂರನೇ ದಿನ ಹೇಳಿದಾಗ ನಾನು ಚಪ್ಪಾಳೆ ತಟ್ಟಿದೆ. ನಿನ್ನ ನೆನಪಾಯಿತು.

ನಿನ್ನ ಕಡ್ಡಿ


ಸೆಪ್ಟೆಂಬರ್ 17

ಕಡ್ಡಿ,

ನಿನ್ನ ಪತ್ರವನ್ನು ಗೇಟಿನ ಗೂಡಿನಲ್ಲಿ ಕುಳಿತು ಓದಿದೆ. ಮನೆಯಲ್ಲಿ ನಿಮ್ಮಜ್ಜಿ, "ಏನು ಬರೆದಿದ್ದಾಳೆ, ಏನು ಬರೆದಿದ್ದಾಳೆ" ಎಂದು ಪ್ರಾಣ ತಿಂದರು. "ಆರಾಮಾಗಿದ್ದಾಳಂತೆ" ಎಂದೆ. "ಅಷ್ಟಕ್ಕೆ ಎರಡು ಹಾಳೆನಾ?" ಎಂದು ಕೇಳಿದರು. ಅವರನ್ನು ಗೇಟಿಗೆ ಹಾಕಿದರೆ ನನಗಿಂತ ಚೆನ್ನಾಗಿ ತಪಾಸಣೆ ಮಾಡುತ್ತಾರೆ.

ಆ ಮುಖ್ಯಸ್ಥೆ ಹೇಳಿದ್ದು ಅಕ್ಷರಶಃ ಸರಿ. ಆದರೆ ಒಂದು ಮಾತು ಬಿಟ್ಟಿದ್ದಾರೆ. ಗೇಟು ಕಾಯುವವರಿಗೆ ಕಳ್ಳರಿಂದ ಕಷ್ಟವಿಲ್ಲ, ಒಳ್ಳೆಯವರಿಂದ ಕಷ್ಟ. ದಿನಾ ನಗುತ್ತಾ ಮಾತಾಡಿಸುವ ಹುಡುಗಿಯ ಚೀಲಕ್ಕೆ ಕೈ ಹಾಕಬೇಕಲ್ಲ, ಅದು ಕಷ್ಟ. ಇಪ್ಪತ್ತಾರು ವರ್ಷವಾದರೂ ನನಗೆ ಇನ್ನೂ ಮುಜುಗರ.

ಮೇಜಿನ ತಾತನಿಗೆ ನನ್ನ ನಮಸ್ಕಾರ ತಿಳಿಸು. ಅಂಥ ಕೆಲಸದಲ್ಲಿ ಇರುವವರನ್ನು ಯಾರೂ ಮುಖವೆತ್ತಿ ನೋಡುವುದಿಲ್ಲ. ನೀನು ನೋಡು. ಬೆಳಿಗ್ಗೆ ಹೋಗುವಾಗ ಒಂದು ಮಾತಾಡು, ಸಂಜೆ ಬರುವಾಗ ಒಂದು ಮಾತಾಡು. ನೀನು ಒಂದು ದಿನ ಬರದಿದ್ದರೆ ಮೊದಲು ಗೊತ್ತಾಗುವುದು ಅವರಿಗೇ.

ಸರಿಯಾಗಿ ತಿನ್ನು. ಹೆಸರಿಗೆ ತಕ್ಕ ಹಾಗೇ ಉಳಿಯಬೇಕಾಗಿಲ್ಲ.

ಗೇಟತ್ತೆ


ಅಕ್ಟೋಬರ್ 9

ಅತ್ತೆ,

ತಡವಾಯಿತು. ಲ್ಯಾಬಿನಲ್ಲಿ ಕೆಲಸ ಜಾಸ್ತಿ. ಚಳಿ ಶುರುವಾಗಿದೆ. ಇಲ್ಲಿನ ಹಾಸ್ಟೆಲೊಂದರಲ್ಲಿ ಕಳ್ಳತನವಾಗಿದೆ, ನೀನು ಗಾಬರಿಯಾಗಬೇಡ, ನನ್ನದೇನೂ ಹೋಗಿಲ್ಲ.

ಸುಮ್ಮನೆ ಒಂದು ಕೇಳುತ್ತೇನೆ. ಗೇಟಿನಲ್ಲಿ ಯಾರಾದರೂ ಎರಡೂ ಕೈಯಲ್ಲಿ ಭಾರದ ಪೆಟ್ಟಿಗೆ ಹಿಡಿದುಕೊಂಡು ಬಂದರೆ ನೀನು ಏನು ಮಾಡುತ್ತೀಯ? ಸುಮ್ಮನೆ ಕೇಳಿದೆ ಅಷ್ಟೆ.

ಹಾಸ್ಟೆಲಿನ ಪಕ್ಕದ ಬಾಗಿಲಿನಿಂದ ಓಡಾಡುವುದನ್ನು ಬಿಟ್ಟಿದ್ದೇನೆ. ಮುಂಬಾಗಿಲಿನಿಂದಲೂ ಹೋಗಲು ಮನಸ್ಸಾಗುವುದಿಲ್ಲ.

ಕಡ್ಡಿ


ಅಕ್ಟೋಬರ್ 21

ಕಡ್ಡಿ,

ಯಾರು ಅವನು?

ನನ್ನ ಹತ್ತಿರ ಮುಚ್ಚಿಡಬೇಡ. ನಾನು ದಿನಕ್ಕೆ ಆರುನೂರು ಜನರ ಮುಖ ನೋಡುವವಳು. ಏಳು ಸಾಲಿನ ಪತ್ರದಲ್ಲಿ ಎರಡು ಸಲ 'ಸುಮ್ಮನೆ' ಎಂದು ಬರೆದಿದ್ದೀಯ. ಯಾವ ಬಾಗಿಲಿನಿಂದಲೂ ಹೋಗಲು ಮನಸ್ಸಿಲ್ಲ ಎಂದರೆ ಯಾರೋ ಬಾಗಿಲಲ್ಲಿ ಕಾಯುತ್ತಿದ್ದಾನೆ ಎಂದೇ ಅರ್ಥ. ಪೆಟ್ಟಿಗೆ ಹಿಡಿದವನು ಅವನೇನಾ? ಏನಾದರೂ ಕೊಡಲು ಬರುತ್ತಾನಾ? ನಾಚಿಕೊಳ್ಳಬೇಡ, ಹೆದರಲೂ ಬೇಡ. ನಾಳೆಯೇ ಆ ಎತ್ತರದ ಹೆಂಗಸಿನ ಬಳಿ ಹೋಗು. ಒಬ್ಬಳೇ ಓಡಾಡಬೇಡ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಕಂಡ, ಏನು ಹಾಕಿಕೊಂಡಿದ್ದ, ಎಲ್ಲವನ್ನೂ ಬರೆದಿಡು. ಆಮೇಲೆ ಯಾರಾದರೂ "ನಿನ್ನ ಭ್ರಮೆ" ಎಂದರೆ ಪುಸ್ತಕ ತೆಗೆದು ಮುಂದಿಡಬಹುದು.

ಇನ್ನು ನೀನು ಕೇಳಿದ ಪೆಟ್ಟಿಗೆಯ ವಿಷಯ. ಕೈತುಂಬ ಹೊತ್ತುಕೊಂಡು ಬಂದವರನ್ನು ತಡೆಯಲು ಯಾರಿಗೂ ಬಾಯಿ ಬರುವುದಿಲ್ಲ. ಅದಕ್ಕೆ ನಾನು ತಡೆಯುವುದೇ ಇಲ್ಲ. ಎದ್ದು ನಿಂತು, ನಗುತ್ತಾ, "ಯಾರನ್ನ ನೋಡ್ಬೇಕಿತ್ತು? ಬನ್ನಿ, ನಾನೇ ಅವ್ರ ಹತ್ರ ಕರ್ಕೊಂಡು ಹೋಗ್ತೀನಿ" ಎನ್ನುತ್ತೇನೆ. ಕೆಲಸವಿದ್ದು ಬಂದವನು, "ಅಬ್ಬ, ಪುಣ್ಯ ಬರ್ಲಿ ನಿಮಗೆ" ಎಂದು ಹಿಂದೆ ಬರುತ್ತಾನೆ. ಇಲ್ಲದವನಿಗೆ ತಕ್ಷಣ ಬೇರೆ ಕೆಲಸ ನೆನಪಾಗುತ್ತದೆ. ಯಾರಿಗೂ ಅವಮಾನವಿಲ್ಲ. ಇದನ್ನು ನಾನು ಗೇಟಿಗೆ ಬಂದ ಮೊದಲ ದಿನದಿಂದಲೇ ಮಾಡುತ್ತಿರಲಿಲ್ಲ, ಆಮೇಲೆ ಕಲಿತೆ.

ಅಮ್ಮನಿಗೆ ಹೇಳಿಲ್ಲ. ಬೇಗ ಬರೆ. ಹನ್ನೊಂದು ದಿನ ಕಾಯುವುದೆಂದರೆ ಜೀವ ಬಾಯಿಗೆ ಬರುತ್ತದೆ.

ಅತ್ತೆ


ನವೆಂಬರ್ 2

ಅತ್ತೆ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಅಳು. ಯಾರೂ ನನ್ನ ಹಿಂದೆ ಬಿದ್ದಿಲ್ಲ. ನಿನ್ನ ಕಡ್ಡಿಯೇ ಕಳ್ಳನನ್ನು ಒಳಗೆ ಬಿಟ್ಟಿದ್ದಾಳೆ.

ಸೆಪ್ಟೆಂಬರ್ ಕೊನೆಯಲ್ಲಿ, ಸಂಜೆ ನಾಲ್ಕೂವರೆಗೆ, ನಾನು ಪಕ್ಕದ ಬಾಗಿಲಿನಿಂದ ಒಳಗೆ ಬರುತ್ತಿದ್ದೆ. ಅಲ್ಲಿ ಮೇಜೂ ಇಲ್ಲ, ಕ್ಯಾಮೆರಾವೂ ಇಲ್ಲ, ಕಾರ್ಡ್ ತೋರಿಸುವ ಯಂತ್ರ ಮಾತ್ರ ಇದೆ. ಹಿಂದೆ ಒಬ್ಬ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು, ಗಲ್ಲದಿಂದ ಅದನ್ನು ಒತ್ತಿ ಹಿಡಿದುಕೊಂಡು ಬರುತ್ತಿದ್ದ. ಬೂದು ಬಣ್ಣದ ಕೋಟು, ಜೇಬಿನಲ್ಲಿ ಎರಡು ಪೆನ್ನು. ಅವನ ಮುಖದ ಮೇಲೆ ಬಾಗಿಲು ಹಾಕುವುದು ಹೇಗೆ ಅತ್ತೆ? ನಮ್ಮ ಮನೆಯಲ್ಲಿ ಹಾಗೆ ಮಾಡಿದ್ದರೆ ಅಜ್ಜಿ ಸುಮ್ಮನಿರುತ್ತಿದ್ದರಾ? ನಾನು ಬಾಗಿಲು ಹಿಡಿದೆ. ಅಷ್ಟೇ ಆಗಿದ್ದರೆ ಆಗಿತ್ತು. "ಹುಷಾರು, ಮೆಟ್ಟಿಲಿದೆ" ಎಂದೆ. ಯಾವ ಮಹಡಿ ಎಂದು ಕೇಳಿ ಲಿಫ್ಟಿನ ಗುಂಡಿಯನ್ನೂ ನಾನೇ ಒತ್ತಿದೆ. ನಾಲ್ಕನೇ ಮಹಡಿ, ನನ್ನದೇ ಮಹಡಿ. ನಾನು ಕೆಳಗೆ ಬಟ್ಟೆ ಒಗೆಯುವ ಕೋಣೆಗೆ ಹೋದೆ.

ಆ ಹೊತ್ತಿಗೆ ಎಲ್ಲರೂ ಅಡುಗೆಕೋಣೆಯಲ್ಲಿದ್ದರು, ಕೋಣೆಗಳಿಗೆ ಬೀಗ ಹಾಕಿರಲಿಲ್ಲ. ನಾಲ್ಕು ಲ್ಯಾಪ್‌ಟಾಪ್ ಹೋದವು. ಒಂದು ಪಕ್ಕದ ಕೋಣೆಯವಳದು. ಅವಳ ಒಂಬತ್ತು ತಿಂಗಳ ಕೆಲಸ ಅದರಲ್ಲಿತ್ತು. ಅವಳು ಕಾರಿಡಾರಿನಲ್ಲಿ ನೆಲದ ಮೇಲೆ ಕುಳಿತು ಅತ್ತಳು. ನಾನು ಅವಳ ಬೆನ್ನು ಸವರುತ್ತಾ ಕುಳಿತಿದ್ದೆ, ಬಾಯಿ ಬಿಡಲಿಲ್ಲ. ಪೊಲೀಸರು ಬಂದು "ಯಾರನ್ನಾದರೂ ನೋಡಿದಿರಾ" ಎಂದು ಕೇಳಿದಾಗಲೂ ಇಲ್ಲ ಎಂದೆ. ಈ ಕೈಯಿಂದ ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಆದರೆ ಅದಕ್ಕಿಂತ ದೊಡ್ಡ ತಪ್ಪು ಈಗ ಆಗುತ್ತಿದೆ. ಅದೇ ಹೊತ್ತಿಗೆ ಮೂರನೇ ಮಹಡಿಯಲ್ಲಿ ಒಬ್ಬನ ಕಾಲು ಉಳುಕಿ, ಮೇಜಿನ ತಾತ ಅವನನ್ನು ಇಳಿಸಿಕೊಂಡು ಬರಲು ಹೋಗಿದ್ದರು. ಹತ್ತು ನಿಮಿಷ ಮೇಜು ಖಾಲಿ ಇತ್ತು. ಕಳ್ಳ ಆಗಲೇ ಮುಂಬಾಗಿಲಿನಿಂದ ನುಗ್ಗಿದ ಎಂದು ಎಲ್ಲರೂ ತೀರ್ಮಾನಿಸಿದ್ದಾರೆ. ನವೆಂಬರ್ 16ಕ್ಕೆ ಅವರ ವಿಚಾರಣೆ. ಕೆಲಸ ಹೋಗುವುದು ಗ್ಯಾರಂಟಿ ಎಂದು ಹುಡುಗರು ಮಾತಾಡುತ್ತಾರೆ. ಅವರು ಈಗಲೂ ದಿನಾ ನನ್ನ ಹೆಸರು ಹಿಡಿದು ಮಾತಾಡಿಸುತ್ತಾರೆ, ಅತ್ತೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ಹೇಳಿದರೆ ನನ್ನ ಗತಿ ಏನು? ಹೊರಗಿನವರನ್ನು ಒಳಗೆ ಬಿಟ್ಟವರ ಕೋಣೆ ರದ್ದು ಮಾಡಬಹುದು ಎಂದು ನಿಯಮದಲ್ಲೇ ಇದೆ. ಪೊಲೀಸರಿಗೆ ಸುಳ್ಳು ಹೇಳಿದ್ದೂ ಸೇರಿದರೆ ಓದೇ ನಿಂತು ವಾಪಸು ಬರಬೇಕಾಗಬಹುದು. ಈ ಪತ್ರ ನಿನಗೆ 13ಕ್ಕೆ ಸಿಗುತ್ತದೆ. ನಿನ್ನ ಉತ್ತರ ಬರುವಷ್ಟರಲ್ಲಿ 16 ಕಳೆದಿರುತ್ತದೆ. ಫೋನಿನಲ್ಲಿ ಈ ಮಾತೆತ್ತಬೇಡ, ಅಮ್ಮ ಕೇಳಿಸಿಕೊಂಡರೆ ತಡೆದುಕೊಳ್ಳುವುದಿಲ್ಲ. ಏನು ಮಾಡಬೇಕೆಂದು ನಿಜವಾಗಿಯೂ ಗೊತ್ತಿಲ್ಲ. ನಿನಗಾದರೂ ಹೇಳಿಕೊಂಡೆನಲ್ಲ ಎಂಬುದಷ್ಟೇ ಸಮಾಧಾನ.

ನೀನು ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಮಾಡದ ತಪ್ಪನ್ನು ನಾನು ಇಪ್ಪತ್ತಾರು ದಿನದಲ್ಲಿ ಮಾಡಿದೆ.

ಕಡ್ಡಿ


ನವೆಂಬರ್ 14

ಕಡ್ಡಿ,

ನಿನ್ನ ಕೊನೆಯ ಸಾಲು ಸುಳ್ಳು. ಅದನ್ನು ಓದಿ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಹನ್ನೆರಡು ವರ್ಷದ ಹಿಂದೆ, ಮೊದಲ ಶಿಫ್ಟು ಮುಗಿಯಲು ಹತ್ತು ನಿಮಿಷ ಇರುವಾಗ, ನಮ್ಮಲ್ಲೇ ಕೆಲಸ ಮಾಡುವ ಒಬ್ಬ ಎರಡು ಡಬ್ಬ ಹೊತ್ತುಕೊಂಡು ಗೇಟಿಗೆ ಬಂದ. ಹೊರಗೆ ಒಯ್ಯಲು ಗೇಟ್ ಪಾಸ್ ಇರಲಿಲ್ಲ. "ಅಕ್ಕಾ, ಖಾಲಿ ಡಬ್ಬ. ಹೆಂಡ್ತಿ ಆಸ್ಪತ್ರೇಲಿದ್ದಾಳೆ, ಸೂಪರ್‌ವೈಸರ್ ಊಟಕ್ಕೆ ಹೋಗಿದ್ದಾರೆ" ಎಂದ. ಪಾಪ ಅನ್ನಿಸಿತು. ಡಬ್ಬ ತೆಗೆದು ನೋಡದೆ ಬಿಟ್ಟೆ, ರಿಜಿಸ್ಟರಿನಲ್ಲಿ ಬರೆಯಲೂ ಇಲ್ಲ. ಸಂಜೆ ಲೆಕ್ಕ ನೋಡಿದಾಗ ಔಷಧಿ ಕಡಿಮೆ ಬಂತು. ಎರಡನೇ ಶಿಫ್ಟಿನಲ್ಲಿ ಹೋಗಿದೆ ಎಂದು ಭಾವಿಸಿ, ಆ ಶಿಫ್ಟಿನಲ್ಲಿ ಗೇಟು ಕಾಯುತ್ತಿದ್ದ ಒಬ್ಬರನ್ನು ಕೆಲಸದಿಂದ ತೆಗೆದರು. ಕಳ್ಳರ ಜೊತೆ ಶಾಮೀಲು ಎಂದು ಹೆಸರು ಹಚ್ಚಿ ತೆಗೆದರು. ಅವರು ಗೇಟಿನಿಂದ ಹೊರಗೆ ಹೋಗುವಾಗ ಅಲ್ಲಿ ನಿಂತಿದ್ದವಳು ನಾನು. ಅವರ ಊಟದ ಚೀಲವನ್ನು ತಪಾಸಣೆ ಮಾಡಿ ಕಳಿಸಿದವಳೂ ನಾನೇ.

ಆಗ ನಿನ್ನ ಅಪ್ಪ ತೀರಿಹೋಗಿ ಮೂರು ತಿಂಗಳಾಗಿತ್ತು. ನೀನು ಆರನೇ ಕ್ಲಾಸು. ನಿನಗಾಗಿ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಗೇಟಿನಲ್ಲಿ ಯಾರನ್ನೂ ಹಾಗೆ ಬಿಟ್ಟಿಲ್ಲ. ನಿನಗೆ ದೊಡ್ಡದಾಗಿ ಕಲಿಸಿದ ಪಾಠವೆಲ್ಲ ಅವರ ಕೆಲಸದ ಬೆಲೆಗೆ ನಾನು ಕಲಿತಿದ್ದು.

ಈ ಪತ್ರ 16ರ ಮೊದಲು ನಿನ್ನ ಕೈ ಸೇರುವುದಿಲ್ಲ. ನೀನು ಏನು ಮಾಡಿರುತ್ತೀಯೋ ಗೊತ್ತಿಲ್ಲ. ಸುಮ್ಮನಿದ್ದರೂ ನೀನು ನನ್ನ ಮಗುವೇ. ಆದರೆ ಸುಮ್ಮನಿದ್ದವರ ದಿನಗಳು ಹೇಗಿರುತ್ತವೆ ಎಂದು ನಿನಗೆ ಹೇಳಬಲ್ಲವಳು ನಾನೊಬ್ಬಳೇ. ಅವರ ಹಾಗೆ ನಡೆಯುವವರು ಬೀದಿಯಲ್ಲಿ ಕಂಡರೂ ನಾನು ಇನ್ನೊಂದು ಕಡೆ ದಾಟುತ್ತೇನೆ. ಹನ್ನೆರಡು ವರ್ಷದಿಂದ ದಾಟುತ್ತಿದ್ದೇನೆ. ಕೋಣೆ ಹೋದರೆ ಹೋಗಲಿ, ಓದು ನಿಂತರೂ ನಿಲ್ಲಲಿ. ವಾಪಸು ಬಂದರೆ ಬಾ, ನಾನಿದ್ದೇನೆ. ಇನ್ನೂ ಬಾಯಿ ಬಿಟ್ಟಿಲ್ಲವಾದರೆ, ಈ ಪತ್ರ ಮಡಚುವ ಮೊದಲೇ ಎದ್ದು ಹೋಗು.

ಅತ್ತೆ


ನವೆಂಬರ್ 17

ಅತ್ತೆ,

ನಿನ್ನ ಪತ್ರ ಇನ್ನೂ ಬಂದಿಲ್ಲ. ಅದರಲ್ಲಿ ನೀನು ಏನು ಬರೆದಿದ್ದೀಯೋ, ಬೈದಿದ್ದೀಯೋ ಗೊತ್ತಿಲ್ಲ. ನಾನು ಹೇಳಿಬಿಟ್ಟೆ.

ಮೊದಲು ಪಕ್ಕದ ಕೋಣೆಯವಳಿಗೆ ಹೇಳಿದೆ. ಅವಳಿಗೆ ಮುಂಚೆ ಬೇರೆ ಯಾರಿಗೆ ಹೇಳಿದರೂ ಸರಿಯಾಗುತ್ತಿರಲಿಲ್ಲ. ಅವಳು ಎದ್ದು ಬಾಗಿಲು ತೆರೆದು ನಿಂತಳು. ಹೊರಗೆ ಬಂದೆ. ಮರುದಿನ ವಿಚಾರಣೆಯ ಕೋಣೆಗೆ ಹೋಗಿ ಮಾತಾಡಲು ಅವಕಾಶ ಕೇಳಿದೆ. ಉದ್ದನೆಯ ಮೇಜು, ಐದು ಜನ. ತಾತ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಾಲ ಬಳಿ ಒಂದು ಚೀಲ ಇಟ್ಟುಕೊಂಡು ಕುಳಿತಿದ್ದರು. "ಬಾಗಿಲು ಹಿಡಿದವಳು ನಾನು. ಅವನು ಬಂದಿದ್ದು ಪಕ್ಕದ ಬಾಗಿಲಿಂದ. ಇವರದ್ದೇನೂ ತಪ್ಪಿಲ್ಲ" ಎಂದೆ. ದಿನ, ಗಂಟೆ, ಕೋಟು, ಪೆನ್ನು, ಎಲ್ಲವನ್ನೂ ಹೇಳಿದೆ. ನಿನ್ನ ಹಿಂದಿನ ಪತ್ರದಲ್ಲಿ ಹೇಳಿದಂತೆ ಬರೆದಿಟ್ಟುಕೊಂಡೇ ಹೋಗಿದ್ದೆ.

ಎತ್ತರದ ಮುಖ್ಯಸ್ಥೆ ಕೇಳಿದರು, "ಮೊದಲನೇ ದಿನವೇ ಹೇಳಿದ್ದೆನಲ್ಲ, ಯಾಕೆ ಬಿಟ್ಟೆ?"

"ಮುಖದ ಮೇಲೆ ಬಾಗಿಲು ಹಾಕೋಕೆ ಮನಸ್ಸು ಬರಲಿಲ್ಲ."

ಒಬ್ಬರು ನಕ್ಕರು. ಮುಖ್ಯಸ್ಥೆ ನಗಲಿಲ್ಲ. ಅದನ್ನು ಬರೆದುಕೊಂಡರು. "ಅದಕ್ಕೆ ಬದಲು ಏನು ಹೇಳಬೇಕು ಅಂತ ನಾವು ಯಾರಿಗೂ ಕಲಿಸಿಲ್ಲ" ಎಂದು ಅವರಿಗೆ ಅವರೇ ಹೇಳಿಕೊಂಡಂತೆ ಹೇಳಿದರು. ಆಗ ನಿನ್ನ ಮಾತನ್ನು ಹೇಳಿದೆ: ಯಾರನ್ನು ನೋಡಬೇಕಿತ್ತು, ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ಎರಡು ಸಲ ಹೇಳಿಸಿದರು. ಇನ್ನು ಮುಂದೆ ಹೊಸಬರಿಗೆ ಇದನ್ನೇ ಎದ್ದು ನಿಲ್ಲಿಸಿ ಅಭ್ಯಾಸ ಮಾಡಿಸುತ್ತಾರಂತೆ. ಒಳಗೆ ನಿಂತು ಮಾತಾಡುವುದು ಕ್ಷೇಮವಲ್ಲ ಅನ್ನಿಸಿದರೆ ಬಾಗಿಲು ಹಾಕಿಕೊಂಡು ಅವರ ಆಫೀಸಿಗೆ ಫೋನ್ ಮಾಡಬೇಕು, ಅದೂ ಪಾಠದಲ್ಲಿ ಸೇರುತ್ತದೆ. ಗೇಟತ್ತೆ, ನೀನು ವಿಶ್ವವಿದ್ಯಾಲಯದ ಮೇಷ್ಟ್ರಾದೆ.

ತಾತನ ಮೇಲಿನ ದೂರು ರದ್ದಾಯಿತು. ನನಗೆ ಲಿಖಿತ ಎಚ್ಚರಿಕೆ ಕೊಟ್ಟರು, ಕೋಣೆ ಉಳಿಯಿತು. ಪೊಲೀಸರ ಬಳಿ ಮುಖ್ಯಸ್ಥೆಯೇ ಜೊತೆಗೆ ಬಂದು ನನ್ನ ಹೇಳಿಕೆ ತಿದ್ದಿಸಿದರು. ಪೊಲೀಸರು ಗದರಿದರು, ಕೇಸು ಹಾಕಲಿಲ್ಲ. ಇನ್ನು ಈ ಟರ್ಮ್ ಮುಗಿಯುವವರೆಗೆ ವಾರಕ್ಕೆ ಮೂರು ಸಂಜೆ, ಲೈಬ್ರರಿಯಿಂದ ಒಂಟಿಯಾಗಿ ಹಾಸ್ಟೆಲಿಗೆ ಹೋಗುವವರ ಜೊತೆ ನಾನು ನಡೆದು ಹೋಗಬೇಕು. ಇಬ್ಬರಿಬ್ಬರ ಜೋಡಿ, ಕೈಗೆ ರೇಡಿಯೋ ಕೊಡುತ್ತಾರೆ. ಅಜ್ಜಿಗೆ ಇದನ್ನು ಹೇಳಬಹುದು, ಕೆಲಸ ಸಿಕ್ಕಿತು ಎಂದು.

ಹೊರಗೆ ಬಂದ ಮೇಲೆ ತಾತ ಆ ಚೀಲ ತೋರಿಸಿದರು. ಮೇಜಿನ ಖಾನೆ ಖಾಲಿ ಮಾಡಿಕೊಂಡೇ ಬಂದಿದ್ದರಂತೆ. "ಒಬ್ಬನಿಗೇ ಭಾರ, ನಡಿ, ವಾಪಸ್ ಜೋಡಿಸೋಣ" ಎಂದರು. ಕನ್ನಡಕದ ಡಬ್ಬಿ, ಉಗುರು ಕತ್ತರಿ, ನಮ್ಮೆಲ್ಲರ ಹೆಸರಿನ ಚೀಟಿಗಳು, ಎಲ್ಲವನ್ನೂ ಮತ್ತೆ ಜೋಡಿಸಿಟ್ಟೆವು.

ಕಡ್ಡಿ


ನವೆಂಬರ್ 27

ಅತ್ತೆ,

ನಿನ್ನ ಪತ್ರ ಬಂತು. ಮೂರು ಸಲ ಓದಿದೆ.

ನನಗೆ ಕೋಪ ಬಂತು. ನನಗಾಗಿ ಸುಮ್ಮನಿದ್ದೆ ಎಂದು ಬರೆದಿದ್ದೀಯ. ದಯವಿಟ್ಟು ಅದನ್ನು ನನ್ನ ತಲೆಗೆ ಕಟ್ಟಬೇಡ. ಆರನೇ ಕ್ಲಾಸಿನ ಹುಡುಗಿ ನಿನ್ನನ್ನು ಏನೂ ಕೇಳಿರಲಿಲ್ಲ. ನೀನು ಹೆದರಿದೆ. ನಾನೂ ಹೆದರಿದ್ದೆ. ಹೆದರಿಕೆ ಏನೆಂದು ಈಗ ನನಗೆ ಗೊತ್ತು, ಆದ್ದರಿಂದ ಕೋಪ ಎರಡು ದಿನಕ್ಕಿಂತ ಹೆಚ್ಚು ಉಳಿಯಲಿಲ್ಲ. ನಿನ್ನನ್ನು ಮೊದಲಿನಷ್ಟೇ ಪ್ರೀತಿಸುತ್ತೇನೆ. ಆದರೆ ಸಮಾಧಾನ ಮಾಡಲು ನನಗೆ ಬರುತ್ತಿಲ್ಲ, ಏಕೆಂದರೆ ಸಮಾಧಾನ ಆಗಬೇಕಾದವಳು ನೀನಲ್ಲ.

ಪಕ್ಕದ ಕೋಣೆಯವಳು ನಿನ್ನೆ ಬಾಗಿಲು ತಟ್ಟಿದಳು. ಅವಳ ಗೈಡಿನ ಬಳಿ ಐದು ತಿಂಗಳ ಕೆಲಸದ ಪ್ರತಿ ಸಿಕ್ಕಿದೆ. ಉಳಿದ ನಾಲ್ಕು ತಿಂಗಳದ್ದನ್ನು ಕೈಬರಹದ ಟಿಪ್ಪಣಿಯಿಂದ ಮತ್ತೆ ಟೈಪ್ ಮಾಡಬೇಕು. "ಅರ್ಧ ನೀನು ಮಾಡು" ಎಂದಳು. ನಗಲಿಲ್ಲ, ಆದರೆ ಕುರ್ಚಿ ಎಳೆದುಕೊಂಡು ನನ್ನ ಕೋಣೆಯಲ್ಲೇ ಕುಳಿತಳು. ರಾಶಿ ಟಿಪ್ಪಣಿ, ಅಕ್ಷರವೋ ಇರುವೆ ಸಾಲು. ಸಂತೋಷದಿಂದ ಟೈಪ್ ಮಾಡುತ್ತಿದ್ದೇನೆ.

ಅವರು ಈಗ ಎಲ್ಲಿದ್ದಾರೆ, ಅತ್ತೆ? ಎರಡನೇ ಶಿಫ್ಟಿನವರು?

ಕಡ್ಡಿ


ಡಿಸೆಂಬರ್ 23

ಕಡ್ಡಿ,

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಎರಡು ವಾರ ತಡವಾಯಿತು, ಏಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಹಳಬರನ್ನೆಲ್ಲ ಕೇಳಿ ಹುಡುಕಿದೆ. ಎರಡು ಬಸ್ ಬದಲಾಯಿಸಿದರೆ ಸಿಗುವಷ್ಟು ಹತ್ತಿರದಲ್ಲೇ ಇದ್ದರು. ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಾರೆ.

ಹೋಗುವ ಮೊದಲು ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ, ನಿನ್ನದನ್ನೂ ನನ್ನದನ್ನೂ. ಅವಳು ತಡೆದುಕೊಳ್ಳುವುದಿಲ್ಲ ಎಂದುಕೊಂಡಿದ್ದೆವಲ್ಲ, ನಮ್ಮಿಬ್ಬರಿಗಿಂತ ಗಟ್ಟಿ ಅವಳೇ. "ಕಾರ್ಖಾನೆಗೂ ಹೇಳಿಬಿಡಿ. ಕೆಲಸ ಹೋದ್ರೆ ನಾನು ದುಡಿತೀನಿ" ಎಂದಳು. ಸೋಮವಾರ ಮ್ಯಾನೇಜರನ್ನು ನೋಡುತ್ತೇನೆ. ಕೆಲಸ ಉಳಿಯುವುದೋ ಇಲ್ಲವೋ ಗೊತ್ತಿಲ್ಲ. ಹೆದರಿಕೆ ಇದೆ, ನಿದ್ದೆಯೂ ಬರುತ್ತಿದೆ.

ಇಸ್ತ್ರಿ ಅಂಗಡಿಯಲ್ಲಿ ಅವರು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಇಸ್ತ್ರಿ ಪೆಟ್ಟಿಗೆ ನಿಲ್ಲಿಸಲಿಲ್ಲ. "ಹೇಳಿ" ಎಂದರು. ನಿಂತುಕೊಂಡೇ ಹೇಳಿದೆ. ಡಬ್ಬ, ಹತ್ತು ನಿಮಿಷ, ನಾನು ಬರೆಯದೆ ಬಿಟ್ಟಿದ್ದು, ಅವರ ಊಟದ ಚೀಲ. ಒಂದು ಅಂಗಿಯ ತೋಳು ಮುಗಿಯುವಷ್ಟರಲ್ಲಿ ಹನ್ನೆರಡು ವರ್ಷದ್ದು ಮುಗಿದುಹೋಯಿತು. ಅವರು ಇನ್ನೊಂದು ತೋಳಿಗೆ ಇಸ್ತ್ರಿ ಹಾಕತೊಡಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಒಳಗೆ ಕೂಗಿ, "ಕಾಗದ, ಪೆನ್ನು ತಗೊಂಡು ಬಾ" ಎಂದರು. ಮಗಳು ಬಂದಳು. ನಿನ್ನ ವಯಸ್ಸಿನವಳೇ, ನರ್ಸಿಂಗ್ ಓದಿದ್ದಾಳೆ.

"ಈಗ ಹೇಳಿದ್ರಲ್ಲ, ಅದನ್ನ ಬರೆದುಕೊಡಿ."

ನನ್ನ ಮುಖದಲ್ಲಿ ಏನು ಕಂಡರೋ, ಅವರೇ ಹೇಳಿದರು, "ಹೆದರ್ಬೇಡಿ, ಇದನ್ನ ಹಿಡ್ಕೊಂಡು ನಾನು ಎಲ್ಲಿಗೂ ಹೋಗಲ್ಲ. ಇವಳನ್ನ ಸ್ಕೂಲಲ್ಲಿ ಕಳ್ಳನ ಮಗಳು ಅಂತಿದ್ರು. ನಾನು ಅಲ್ಲ ಅಂತ ಹೇಳ್ತಾನೇ ಬಂದೆ. ನನ್ನ ಬಾಯಿಮಾತು ಬಿಟ್ಟು ಇವಳ ಹತ್ರ ಇನ್ನೇನೂ ಇರ್ಲಿಲ್ಲ."

ಅಂದು ರಿಜಿಸ್ಟರಿನಲ್ಲಿ ಬರೆಯದೆ ಬಿಟ್ಟಿದ್ದನ್ನು ಆ ಹಾಳೆಯಲ್ಲಿ ಬರೆದೆ. ದಿನಾಂಕ, ಗಂಟೆ, ನನ್ನ ಹೆಸರು, ಸಹಿ ಹಾಕಿ ಕೊಟ್ಟೆ. ಹುಡುಗಿ ಮನಸ್ಸಿನಲ್ಲೇ ಓದಿಕೊಳ್ಳತೊಡಗಿದಳು. ಅವರು, "ಜೋರಾಗಿ ಓದು" ಎಂದರು. ಓದಿದಳು. 'ಅವರದು ಯಾವ ತಪ್ಪೂ ಇರಲಿಲ್ಲ' ಎಂಬಲ್ಲಿಗೆ ಬಂದಾಗ ಅವಳು ಓದುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಅವರು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು, "ಇನ್ನೊಂದ್ಸಲ ಮೊದಲಿಂದ ಓದು" ಎಂದರು. ಎರಡನೇ ಸಲ ಅವಳು ಎಲ್ಲೂ ನಿಲ್ಲಲಿಲ್ಲ. ಪಕ್ಕದ ಅಂಗಡಿಯವನು ಇಣುಕಿ ನೋಡಿದ. ಅವಳು ಇನ್ನಷ್ಟು ಜೋರಾಗಿ ಓದಿದಳು.

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಹಾಳೆಯನ್ನು ಮಗಳ ಕೈಯಿಂದ ತೆಗೆದುಕೊಂಡು, ಆಗ ತಾನೇ ಇಸ್ತ್ರಿ ಮಾಡಿದ ತಮ್ಮ ಅಂಗಿಯ ಜೇಬಿನಲ್ಲಿಟ್ಟರು. ನಾನು ಹೊರಡಲು ಚೀಲ ಎತ್ತಿಕೊಂಡೆ. ಅವರು ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿ, "ಎಷ್ಟು ಹೊತ್ತಿಂದ ನಿಂತಿದ್ದೀರ, ಕೂತ್ಕೊಳ್ಳಿ" ಎಂದರು.

ಅತ್ತೆ